ಮಾಂಟಿಚೆಲ್ಲೋ ಬೆಟ್ಟದ ತರಕಾರಿ ತೋಟ

ನಮ್ಮ ಕಡೆಯ ಹಿತ್ತಲಿಗೆ ನಕ್ಷೆಯೆಂಬುದು ಬೇಕಾಗುತ್ತಿರಲಿಲ್ಲ. ಮುಂಗಾರಿನ ಒಂದೆರಡು ಮಳೆ ಬಿದ್ದು ಮಣ್ಣು ಹದಕ್ಕೆ ಬಂದಿತೆಂದರೆ, ಬೂದಿ ಬೆರೆಸಿ ಮಡಕೆಯಲ್ಲಿಟ್ಟಿದ್ದ ಬೀಜಗಳು ಅಟ್ಟದಿಂದ ಕೆಳಗಿಳಿಯುತ್ತಿದ್ದವು. ಬಚ್ಚಲ ನೀರು ಹರಿಯುವಲ್ಲಿ ಬಾಳೆ ಮತ್ತು ಕೆಸು, ಬೇಲಿಯ ಮಗ್ಗುಲಲ್ಲಿ ಚಪ್ಪರದವರೆ, ತಿಪ್ಪೆಯ ಪಕ್ಕದಲ್ಲಿ ಕುಂಬಳ. ಇದನ್ನು ಯಾರೂ ಬರೆದಿಡಲಿಲ್ಲ, ಯಾರೂ ಮರೆಯಲೂ ಇಲ್ಲ. ಮಾಗಿಯ ಚಳಿ ನಮಗೆ ಕಾಯುವ ಕಾಲವಲ್ಲ, ಸೊಗಡಿನ ಅವರೆಕಾಯಿ ತಿನ್ನುವ ಕಾಲ. ಆದ್ದರಿಂದ ಚಳಿಗಾಲದಲ್ಲಿ ಮೇಜಿನ ಮುಂದೆ ಕುಳಿತು ಕಾಗದದ ಮೇಲೆ ತೋಟ ಮಾಡುತ್ತಾರೆಂದರೆ ನಮ್ಮ ಹಿರಿಯರು ನಕ್ಕುಬಿಡುತ್ತಿದ್ದರು.

ನೆಲ ಹೆಪ್ಪುಗಟ್ಟುವ ದೇಶಗಳಲ್ಲಿ ಇದು ನಗುವ ವಿಷಯವಲ್ಲ. ಅಲ್ಲಿ ಇಬ್ಬನಿಯೇ ಹೆಪ್ಪಾಗಿ ಎಳೆಯ ಸಸಿಗಳನ್ನು ಒಂದೇ ರಾತ್ರಿಯಲ್ಲಿ ಸುಟ್ಟುಹಾಕುತ್ತದೆ. ಅಂತಹ ಹೆಪ್ಪುಮಂಜು ಕೊನೆಯದಾಗಿ ಬೀಳುವ ದಿನ ಯಾವುದಿರಬಹುದೆಂದು ಅಂದಾಜಿಸಿ, ಅಲ್ಲಿಂದ ಹಿಂದಕ್ಕೆ ಎಣಿಸುವುದೇ ತೋಟಗಾರನ ಮೊದಲ ಲೆಕ್ಕ. ನನ್ನ ಮಗಳ ಸಂಸಾರವಿರುವ ವರ್ಜೀನಿಯಾದ ನಡುಭಾಗದಲ್ಲಿ ಏಪ್ರಿಲ್ ತಿಂಗಳ ಮಧ್ಯಭಾಗ ದಾಟುವವರೆಗೆ ಆ ಭಯ ತೊಲಗುವುದಿಲ್ಲ. ಟೊಮೆಟೊ ಬೀಜವನ್ನು ಅದಕ್ಕೆ ಆರರಿಂದ ಎಂಟು ವಾರ ಮೊದಲೇ ಮನೆಯೊಳಗೆ, ಬಿಸಿಲು ಬರುವ ಕಿಟಕಿಯ ಬಳಿ ಮೊಳೆಯಿಸಬೇಕು. ಬಟಾಣಿ ಚಳಿಗೆ ಹೆದರದು, ಫೆಬ್ರವರಿಯ ಕೊನೆಗೇ ನೆಲಕ್ಕೆ ಬೀಳಬಹುದು. ಬೆಂಡೆಗೆ ಮಾತ್ರ ಮಣ್ಣು ಚೆನ್ನಾಗಿ ಬೆಚ್ಚಗಾಗಬೇಕು. ಇಷ್ಟೆಲ್ಲ ಲೆಕ್ಕವಿರುವುದರಿಂದ ಹೊಸ ವರ್ಷದ ಆಸುಪಾಸಿನಲ್ಲಿಯೇ ಬೀಜದ ಕಂಪನಿಗಳ ಬಣ್ಣದ ಪಟ್ಟಿಗಳು ಅಂಚೆಯಲ್ಲಿ ಬಂದಿಳಿಯುತ್ತವೆ. ಹೊರಗೆ ಹಿಮ ಬೀಳುತ್ತಿರುವಾಗ ಒಳಗೆ ಜನ ಚೌಕಳಿ ಕಾಗದದ ಮೇಲೆ ಸಾಲು ಹೊಡೆಯುತ್ತಿರುತ್ತಾರೆ. ಅಲ್ಲಿ ನಾನು ಕಳೆದ ಒಂದು ಚಳಿಗಾಲದಲ್ಲಿ ಮಗಳೂ ಹಾಗೆಯೇ ಮೆಂತ್ಯಕ್ಕೊಂದು, ಹೀರೆಗೊಂದು ಚೌಕವನ್ನು ಗುರುತಿಸುತ್ತಿದ್ದಳು. ಬೇರೆ ಕೆಲಸವಿಲ್ಲದ ನಾನು ಊರಿನ ಗ್ರಂಥಾಲಯದಿಂದ ಅವಳು ತಂದಿರಿಸಿದ್ದ ದಪ್ಪ ಪುಸ್ತಕವೊಂದನ್ನು ಕೈಗೆತ್ತಿಕೊಂಡೆನು. ಅದು ಥಾಮಸ್ ಜೆಫರ್‌ಸನ್ನನ ತೋಟದ ಪುಸ್ತಕ.

ಶಾಲೆಯ ಇತಿಹಾಸದ ಪಾಠದಲ್ಲಿ ಜೆಫರ್‌ಸನ್ ಬರುವುದು ಒಂದೇ ವಾಕ್ಯದಲ್ಲಿ: ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು 1776ರಲ್ಲಿ ರಚಿಸಿದವನು, ಮನುಷ್ಯರೆಲ್ಲರೂ ಸಮಾನರೆಂದು ಸಾರಿದವನು. ಆತನು 1801ರಿಂದ 1809ರವರೆಗೆ ಆ ದೇಶದ ಮೂರನೆಯ ಅಧ್ಯಕ್ಷನೂ ಆಗಿದ್ದನು. ಆದರೆ ಘೋಷಣೆಗೆ ಹತ್ತು ವರ್ಷ ಮೊದಲು, 1766ರ ಮಾರ್ಚ್ 30ರಂದು, ಇಪ್ಪತ್ತಮೂರು ತುಂಬದ ಯುವಕನಾಗಿದ್ದಾಗಲೇ ಆತ ಇನ್ನೊಂದು ಬರವಣಿಗೆಯನ್ನು ಆರಂಭಿಸಿದ್ದನು. ನೇರಳೆ ಬಣ್ಣದ ಹಯಸಿಂತ್ ಹೂ ಅರಳತೊಡಗಿತೆಂಬುದು ಅದರ ಮೊದಲ ದಾಖಲೆ. ಸಾಯುವುದಕ್ಕೆ ಎರಡು ವರ್ಷ ಮೊದಲು, 1824ರವರೆಗೂ ಆ ದಾಖಲೆ ನಡೆಯಿತು. ಮೂಲದ ಹಸ್ತಪ್ರತಿಯಲ್ಲಿ ಬರೆದಿರುವುದು 66 ಪುಟ ಮಾತ್ರ. ಎಡ್ವಿನ್ ಬೆಟ್ಸ್ ಎಂಬ ವಿದ್ವಾಂಸರು ತೋಟದ ಸಂಬಂಧದ ಪತ್ರಗಳನ್ನೂ ಸೇರಿಸಿ 1944ರಲ್ಲಿ ಪ್ರಕಟಿಸಿದ್ದರಿಂದ ಅದು ದಪ್ಪ ಗ್ರಂಥವಾಯಿತು.

ಆತನ ಲೆಕ್ಕದ ಹುಚ್ಚನ್ನು ಓದಿದರೆ ಗಣಿತದ ಮೇಷ್ಟರಿಗೂ ನಗು ಬರುತ್ತದೆ. 1767ರ ಫೆಬ್ರವರಿ 20ರಂದು ಬಟಾಣಿ ಬಿತ್ತಿದವನು, ಐನೂರು ಕಾಳು ತೂಗಿ ನೋಡಿದ್ದಾನೆ. ಒಂದು ಪೈಂಟ್ ಅಳತೆಗೆ ಸುಮಾರು 2500 ಕಾಳು ಹಿಡಿಯುತ್ತವೆಂದು ಬರೆದಿದ್ದಾನೆ. ಅಧ್ಯಕ್ಷನಾಗಿದ್ದ ಎಂಟು ವರ್ಷಗಳಲ್ಲಿ ವಾಷಿಂಗ್ಟನ್ನಿನ ಮಾರುಕಟ್ಟೆಗೆ 37 ತರಕಾರಿಗಳು ಪ್ರತಿವರ್ಷ ಯಾವಾಗ ಮೊದಲು ಬಂದವು, ಯಾವಾಗ ಕೊನೆಗೊಂಡವು ಎಂಬುದಕ್ಕೆ ಒಂದು ಕೋಷ್ಟಕ ಮಾಡಿದನು. ನಿವೃತ್ತನಾದ ಮೇಲೆ ತೋಟಕ್ಕೂ ಅಂಕಣಗಳು ಬಂದವು: ಏನು, ಎಲ್ಲಿ, ಯಾವಾಗ ಬಿತ್ತಿದ್ದು, ಯಾವಾಗ ಕಿತ್ತು ನೆಟ್ಟದ್ದು, ಯಾವಾಗ ಊಟದ ಮೇಜಿಗೆ ಬಂದದ್ದು. ನಮ್ಮ ಹಾಜರಿ ಪುಸ್ತಕ ನೆನಪಾಗುತ್ತದೆ. ಅದರಲ್ಲಿ ಗೈರುಹಾಜರಿ ಹೇಗೋ ಇದರಲ್ಲಿ ‘ವಿಫಲ’ ಎಂಬ ಶಬ್ದ ಹಾಗೆ ಪದೇ ಪದೇ ಬರುತ್ತದೆ. ಬೆಟ್ಟದ ತುದಿಯ ಮನೆ, ಬಾವಿ ಆಗಾಗ ಬತ್ತುತ್ತಿತ್ತು. ಒಂದು ಬೆಳೆ ಸೋತರೆ ಇನ್ನೊಂದು ಅದರ ನಷ್ಟವನ್ನು ತುಂಬುತ್ತದೆಂದು ಆತ 1811ರಲ್ಲಿ ಸ್ನೇಹಿತನಿಗೆ ಸಮಾಧಾನದಿಂದಲೇ ಬರೆದಿದ್ದಾನೆ.

ಬಟಾಣಿ ಆತನ ಅಚ್ಚುಮೆಚ್ಚು. ಸುತ್ತಲಿನ ಜಮೀನುದಾರರಲ್ಲಿ ಒಂದು ಪಂದ್ಯವಿತ್ತು: ವಸಂತದಲ್ಲಿ ಯಾರ ತೋಟದಲ್ಲಿ ಮೊದಲ ಬಟಾಣಿ ಬರುವುದೋ ಅವರು ಉಳಿದವರನ್ನು ಊಟಕ್ಕೆ ಕರೆಯಬೇಕು. ಗೆಲ್ಲುತ್ತಿದ್ದವನು ಬಹುಪಾಲು ಜಾರ್ಜ್ ಡೈವರ್ಸ್ ಎಂಬ ನೆರೆಯವನು. ಒಮ್ಮೆ ಜೆಫರ್‌ಸನ್ನನ ಬಟಾಣಿಯೇ ಮುಂದಾಗಿದ್ದರೂ, ಔತಣ ನೀಡುವ ಸಂತೋಷ ಡೈವರ್ಸನಿಗೇ ಇರಲೆಂದು ಆತ ಮನೆಯವರ ಬಾಯಿ ಮುಚ್ಚಿಸಿದನೆಂದು ಮೊಮ್ಮಗನೊಬ್ಬನು ಹೇಳಿದ್ದಾನೆ. ಇಂತಹ ಸಣ್ಣ ಸಂಗತಿಗಳಿಂದ ಮನುಷ್ಯನ ಮೇಲೆ ಅಭಿಮಾನ ಮೂಡುತ್ತದೆ. ಮುಂದೆ ಹೇಳಬೇಕಾದ್ದು ಇರುವುದರಿಂದ ಇದನ್ನು ಮೊದಲೇ ಹೇಳಿಟ್ಟಿದ್ದೇನೆ.

ನಮ್ಮ ನಾಡಿಗೂ ಈ ಕಥೆಗೂ ಒಂದು ತೆಳುವಾದ ಎಳೆಯಿದೆ. ಜೆಫರ್‌ಸನ್ 1784ರಿಂದ 1789ರವರೆಗೆ ಪ್ಯಾರಿಸ್ಸಿನಲ್ಲಿ ತನ್ನ ದೇಶದ ಪ್ರತಿನಿಧಿಯಾಗಿದ್ದನು. 1788ರ ಬೇಸಿಗೆಯಲ್ಲಿ ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳು ಶ್ರೀರಂಗಪಟ್ಟಣದಿಂದ ಅಲ್ಲಿಗೆ ಬಂದರು. ಆಗಸ್ಟ್ 10ರಂದು ವರ್ಸೈಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿಯನ್ನು ಕಂಡರು. ಅವರು ಬಂದಿರುವ ಸುದ್ದಿಯನ್ನು ಜೆಫರ್‌ಸನ್ ಆ ತಿಂಗಳ ಪತ್ರವೊಂದರಲ್ಲಿ ಸ್ವದೇಶಕ್ಕೆ ತಿಳಿಸಿದ್ದಾನೆ. ಟಿಪ್ಪು ಬಯಸಿದ್ದು ಸೈನ್ಯದ ನೆರವನ್ನು ಮಾತ್ರವಲ್ಲ. ಕುಶಲಕರ್ಮಿಗಳನ್ನೂ, ತೋಟಗಾರರನ್ನೂ, ಹೂಗಿಡಗಳ ಬೀಜಗಳನ್ನೂ ಕೇಳಿದ್ದನು. ಆಗ ಪ್ಯಾರಿಸ್ಸಿನ ರಾಜೋದ್ಯಾನದ ಮುಖ್ಯ ತೋಟಗಾರನಾಗಿದ್ದವನು ಆಂದ್ರೆ ಥುವಾಂ. ಇದೇ ಥುವಾಂ ಮುಂದೆ ಜೆಫರ್‌ಸನ್ನನಿಗೆ ಬೀಜದ ಪೆಟ್ಟಿಗೆಗಳನ್ನು ಕಳುಹಿಸುತ್ತಿದ್ದನು. ಲಾಲ್‌ಬಾಗಿನ ಸುಲ್ತಾನನೂ ಮಾಂಟಿಚೆಲ್ಲೋದ ಗಣತಂತ್ರವಾದಿಯೂ ಬೀಜಕ್ಕಾಗಿ ಒಂದೇ ಊರಿನತ್ತ ಕೈಚಾಚಿದ್ದರೆಂಬುದು ನನಗೆ ಬಹಳ ಸೊಗಸಾಗಿ ತೋರಿತು.

ಈಗ ಚಳಿಗಾಲದ ಯೋಜನೆಗೆ ಬರೋಣ. 1793ರ ಜುಲೈನಲ್ಲಿ ಜೆಫರ್‌ಸನ್ ಫಿಲಡೆಲ್ಫಿಯಾದಿಂದ ಮಗಳು ಮಾರ್ಥಾಳಿಗೆ ಒಂದು ಪತ್ರ ಬರೆದನು. ಅವಳ ಗಿಡಗಳನ್ನು ಹುಳುಗಳು ಮುತ್ತಿದ್ದವು. ತಂದೆಯ ಉತ್ತರವು ಇಂದಿನ ಸಾವಯವ ಕೃಷಿಕರ ಮಾತಿನಂತಿದೆ: ಹುಳು ಬಂದಿರುವುದು ಗಿಡಗಳು ಬಲಹೀನವಾಗಿರುವುದರಿಂದ, ಗಿಡಗಳು ಬಲಹೀನವಾಗಿರುವುದು ಮಣ್ಣು ಸೊರಗಿರುವುದರಿಂದ, ಬರುವ ಚಳಿಗಾಲದಲ್ಲಿ ನಾವು ತೋಟದ ತುಂಬ ಗೊಬ್ಬರವನ್ನು ದಪ್ಪನಾಗಿ ಹೊದಿಸೋಣ, ಮಣ್ಣು ಕೊಬ್ಬಿದ್ದರೆ ಬರಗಾಲವನ್ನೂ ಲೆಕ್ಕಿಸುವುದಿಲ್ಲ. ಕಾಗದದ ಮೇಲಿನ ತೋಟದ ಬಗ್ಗೆ ನಾನು ಓದಿದವುಗಳಲ್ಲಿ ಇದಕ್ಕಿಂತ ವಿವೇಕದ ಮಾತು ಇಲ್ಲ.

ಆದರೆ ಅದರಲ್ಲಿನ ‘ನಾವು’ ಎಂಬ ಸರ್ವನಾಮದ ಬಳಿ ನಾನು ಬಹಳ ಹೊತ್ತು ನಿಂತೆನು. ತೆಲುಗಿನಲ್ಲಿ ‘ನಾವು’ ಎನ್ನಲು ಎರಡು ಶಬ್ದಗಳಿವೆ. ಕೇಳುವವನನ್ನೂ ಸೇರಿಸಿಕೊಂಡರೆ ‘ಮನಮು’, ಬಿಟ್ಟರೆ ‘ಮೇಮು’. ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಒಂದೇ ಶಬ್ದ. ಆದರೆ ಜೆಫರ್‌ಸನ್ನನ ಆ ‘ನಾವು’ ಎಂಬುದಕ್ಕೆ ತೆಲುಗಿನ ಎರಡು ಶಬ್ದಗಳೂ ಸಾಲವು. ಚಳಿಗಾಲದ ಹೆಪ್ಪುಗಟ್ಟಿದ ನೆಲದ ಮೇಲೆ ಗೊಬ್ಬರದ ಗಾಡಿ ಎಳೆಯಬೇಕಾಗಿದ್ದವರು ಬರೆದವನೂ ಅಲ್ಲ, ಓದಿದವಳೂ ಅಲ್ಲ. ಜೆಫರ್‌ಸನ್ ತನ್ನ ಜೀವಮಾನದಲ್ಲಿ ಒಟ್ಟು 600ಕ್ಕೂ ಹೆಚ್ಚು ಮಂದಿ ಗುಲಾಮರ ಒಡೆಯನಾಗಿದ್ದನು.

ಮಾಂಟಿಚೆಲ್ಲೋದ ಪ್ರಸಿದ್ಧ ತರಕಾರಿ ತೋಟವು ನಿಜವಾಗಿ ಸಿದ್ಧವಾದದ್ದು ಆತ ಅಧ್ಯಕ್ಷನಾಗಿದ್ದ ಕೊನೆಯ ವರ್ಷಗಳಲ್ಲಿ. ಬೆಟ್ಟದ ಆಗ್ನೇಯದ ಇಳಿಜಾರನ್ನು ಕಡಿದು ಒಂದು ಸಾವಿರ ಅಡಿ ಉದ್ದದ ಸಮತಟ್ಟಾದ ಜಗಲಿಯನ್ನು ಮಾಡಲಾಯಿತು. ಅದನ್ನು ಹಿಡಿದು ನಿಲ್ಲಿಸಲು ಕಲ್ಲಿನ ಗೋಡೆ, ಕೆಲವೆಡೆ ಅದರ ಎತ್ತರ ಹನ್ನೆರಡು ಅಡಿ. ಸುತ್ತಲೂ ಹತ್ತು ಅಡಿ ಎತ್ತರದ ಹಲಗೆಯ ಬೇಲಿ. ಮೊಲದ ಮರಿಯೂ ನುಸುಳದಂತೆ ಹಲಗೆಗಳನ್ನು ಒತ್ತೊತ್ತಾಗಿ ಜೋಡಿಸಬೇಕೆಂದು ಅಪ್ಪಣೆ. ಸ್ಥಳದ ಆಯ್ಕೆಯಲ್ಲಿ ಜಾಣತನವಿದೆ. ತಂಪು ಗಾಳಿ ಭಾರವಾದುದರಿಂದ ರಾತ್ರಿ ಕಣಿವೆಗೆ ಜಾರುತ್ತದೆ. ಬೆಟ್ಟದ ಮೈ ಅಷ್ಟರ ಮಟ್ಟಿಗೆ ಹೆಪ್ಪುಮಂಜಿನಿಂದ ಪಾರಾಗುತ್ತದೆ. ಕಲ್ಲಿನ ಗೋಡೆ ಹಗಲು ಬಿಸಿಲುಂಡು ರಾತ್ರಿ ಕಾವು ಬಿಡುತ್ತದೆ. ಗೋಡೆಯ ಬುಡದಲ್ಲಿ ಬಿತ್ತಿದ ಬಟಾಣಿ ಬೇಗ ಬರುವುದು ಈ ಕಾರಣದಿಂದ. 1812ರಲ್ಲಿ ಜೆಫರ್‌ಸನ್ ಆ ನೆಲವನ್ನು 24 ಚೌಕಗಳಾಗಿ ಹಂಚಿ, ಕಾಯಿ ತಿನ್ನುವ ಗಿಡಗಳಿಗೆ ಒಂದು ಭಾಗ, ಗೆಡ್ಡೆಗಳಿಗೆ ಒಂದು ಭಾಗ, ಸೊಪ್ಪುಗಳಿಗೆ ಒಂದು ಭಾಗ ಎಂದು ಗೊತ್ತುಮಾಡಿದನು. ಕೈಯಲ್ಲಿ ಬರ್ನಾರ್ಡ್ ಮ್ಯಾಕ್‌ಮಹನ್ ಎಂಬ ಫಿಲಡೆಲ್ಫಿಯಾದ ಬೀಜ ವ್ಯಾಪಾರಿ 1806ರಲ್ಲಿ ಬರೆದ, ತಿಂಗಳು ತಿಂಗಳಿಗೆ ಏನು ಮಾಡಬೇಕೆಂದು ಹೇಳುವ ತೋಟದ ಪಂಚಾಂಗವಿತ್ತು. ಜೀವಮಾನದಲ್ಲಿ ಆತ ಬೆಳೆಯಿಸಿ ನೋಡಿದ ತರಕಾರಿ ತಳಿಗಳು ಸುಮಾರು 330.

ಆ ಬೆಟ್ಟವನ್ನು ಕಡಿದವರು ಎಡ್ಮಂಡ್ ಬೇಕನ್ ಎಂಬ ಮೇಲ್ವಿಚಾರಕನ ಕೈಕೆಳಗಿನ ಗುಲಾಮರು. ಅವರಲ್ಲಿ ಬೇರೆ ಒಡೆಯರಿಂದ ಬಾಡಿಗೆಗೆ ತಂದವರೂ ಇದ್ದರು. ಬಾಡಿಗೆ ಹಣ ಸಲ್ಲುತ್ತಿದ್ದುದು ಒಡೆಯನಿಗೆ, ದುಡಿದವನಿಗಲ್ಲ. ವರ್ಜೀನಿಯಾದಲ್ಲಿ ಇಂತಹ ಬಾಡಿಗೆಯ ವರ್ಷ ಆರಂಭವಾಗುತ್ತಿದ್ದುದು ಜನವರಿ 1ಕ್ಕೆ. ಅಂದರೆ ಒಡೆಯನು ವಸಂತದ ತೋಟವನ್ನು ಕಾಗದದ ಮೇಲೆ ಗೀಚುವ ವೇಳೆಯಲ್ಲಿಯೇ, ದುಡಿಯುವವನು ಹೆಂಡತಿ ಮಕ್ಕಳನ್ನು ಬಿಟ್ಟು ಒಂದು ವರ್ಷಕ್ಕೆ ಯಾವ ಊರಿಗೆ ಹೋಗಬೇಕಾಗುವುದೋ ಎಂದು ಕಾಯುತ್ತಿದ್ದನು.

ಇಷ್ಟೇ ಆಗಿದ್ದರೆ ಇದು ದಬ್ಬಾಳಿಕೆಯ ಇನ್ನೊಂದು ಕಥೆಯಾಗುತ್ತಿತ್ತು. ಆದರೆ ಆ ಬೆಟ್ಟದಲ್ಲಿ ಇದ್ದದ್ದು ಒಂದೇ ತೋಟವಲ್ಲ. ಗುಲಾಮರ ಗುಡಿಸಲುಗಳ ಬಳಿ ಅವರದೇ ಕೈತೋಟಗಳಿದ್ದವು. ಒಡೆಯನ ಕೆಲಸ ಮುಗಿದ ಸಂಜೆಗಳಲ್ಲಿಯೂ ಭಾನುವಾರಗಳಲ್ಲಿಯೂ ಮಾಡಿದ ತೋಟಗಳು. ಇವುಗಳ ನಕ್ಷೆಯನ್ನು ಯಾರೂ ಬರೆಯಲಿಲ್ಲ. ಬರೆಯಬಲ್ಲವರು ಅವರಲ್ಲಿ ಬಹಳ ಕಡಿಮೆ. ಈ ತೋಟಗಳ ವಿಷಯ ನಮಗೆ ತಿಳಿದಿರುವುದು ಒಬ್ಬ ಹುಡುಗಿಯ ದೆಸೆಯಿಂದ. ಜೆಫರ್‌ಸನ್ನನ ಮೊಮ್ಮಗಳು ಆನ್ ಕ್ಯಾರಿ ರಾಂಡಾಲ್ಫ್ 1805ರಿಂದ 1808ರವರೆಗೆ ಮನೆಯ ಖರ್ಚಿನ ಲೆಕ್ಕ ಇಟ್ಟಳು. ಅದರಲ್ಲಿ ದೊಡ್ಡಮನೆಯ ಅಡುಗೆಗೆಂದು ಗುಲಾಮರಿಂದ ಕೊಂಡ ಕೋಳಿ, ಮೊಟ್ಟೆ, ಎಲೆಕೋಸು, ಸೌತೆ, ಕಲ್ಲಂಗಡಿ, ಆಲೂಗೆಡ್ಡೆಗಳ ಲೆಕ್ಕ ಸಾಲುಸಾಲಾಗಿದೆ. ಹೆಸರುಗಳೂ ಇವೆ: ಸ್ಕ್ವೈರ್, ಬ್ಯಾಗ್‌ವೆಲ್ ಮೊದಲಾದವರು.

ಸಾವಿರ ಅಡಿಯ ತೋಟವಿದ್ದ ಒಡೆಯನು ತನ್ನ ಆಳುಗಳಿಂದ ಸೌತೆಕಾಯಿ ಕೊಳ್ಳುವುದೆಂದರೇನು? ವರ್ಷಗಳನ್ನು ಗಮನಿಸಿದರೆ ಭಾಗಶಃ ಉತ್ತರ ದೊರೆಯುತ್ತದೆ. ಆಗ ಜೆಫರ್‌ಸನ್ ಬಹುಕಾಲ ವಾಷಿಂಗ್ಟನ್ನಿನಲ್ಲಿದ್ದನು, ದೊಡ್ಡ ತೋಟದ ನೆಲ ಇನ್ನೂ ಕಡಿಯಲ್ಪಡುತ್ತಿತ್ತು. ಆದರೂ ಇನ್ನೊಂದು ಸಂಗತಿಯಿದೆ. ಆಲೂಗೆಡ್ಡೆಯ ಮಾರಾಟ ಡಿಸೆಂಬರಿನಲ್ಲಿಯೂ ಫೆಬ್ರವರಿಯಲ್ಲಿಯೂ ನಡೆದಿದೆ. ಹೊರಗೆ ಏನೂ ಬೆಳೆಯದ ಆ ತಿಂಗಳುಗಳಲ್ಲಿ ಮಾರಬೇಕಾದರೆ ಶರತ್ಕಾಲದಲ್ಲಿಯೇ ಕೆಡದಂತೆ ಕೂಡಿಡಬೇಕು. ಕೂಡಿಡಲು ಮಿಗಬೇಕಾದರೆ ಬೇಸಿಗೆಯಲ್ಲಿ ಹೆಚ್ಚು ನೆಡಬೇಕು. ಅದಕ್ಕೆ ಬೀಜದ ಗೆಡ್ಡೆಯನ್ನು ಹಿಂದಿನ ಚಳಿಗಾಲದಲ್ಲಿ ಹಸಿವಾದರೂ ಮುಟ್ಟದೆ ಇಟ್ಟಿರಬೇಕು. ಇದು ಯೋಜನೆಯಲ್ಲದೆ ಮತ್ತೇನು? ಅಂಕಣಗಳಿಲ್ಲದ, ತಲೆಯಲ್ಲಿಯೇ ಇಟ್ಟುಕೊಂಡ ಯೋಜನೆ. ಮಾಂಟಿಚೆಲ್ಲೋದ ನೋಟ್‌ಬುಕ್ಕನ್ನು ಹೊಗಳುವವರು ಈ ಲೆಕ್ಕದ ಪುಸ್ತಕವನ್ನು ಅದರ ಪಕ್ಕದಲ್ಲಿಟ್ಟು ಓದಬೇಕೆಂಬುದು ನನ್ನ ಅಭಿಪ್ರಾಯ.

ಬೀಜಗಳ ಹಾದಿಯೂ ಇದನ್ನೇ ಹೇಳುತ್ತದೆ. ಜೆಫರ್‌ಸನ್ 1809ರ ಹೊತ್ತಿಗೆ ಬೆಂಡೆಯನ್ನು ಬಿತ್ತುತ್ತಿದ್ದನು. ಅಲಸಂದೆಯೆಂದರೆ ಆತನಿಗೆ ಬಹಳ ಮೆಚ್ಚು. ಇವೆರಡೂ ಆಫ್ರಿಕದಿಂದ ಗುಲಾಮರ ಹಡಗುಗಳ ಕಾಲದಲ್ಲಿ ಅಮೆರಿಕದ ನೆಲ ಮುಟ್ಟಿದವು. ಇನ್ನೊಂದು ಬೀಜದ ಬಗ್ಗೆ ಆತನೇ 1808ರಲ್ಲಿ ಮೊಮ್ಮಗಳು ಆನ್‌ಗೆ ಬರೆದಿದ್ದಾನೆ: ಆಫ್ರಿಕದವರು ಜಾರ್ಜಿಯಾಕ್ಕೆ ತಂದ ಬೀಜ, ಅದನ್ನು ಅವರು ‘ಬೆನ್ನಿ’ ಎನ್ನುತ್ತಾರೆ. ಅದರ ಎಣ್ಣೆಯನ್ನು ಹಸಿ ಸೊಪ್ಪಿನ ಮೇಲೆ ಸುರಿದು ತಿಂದವನು, ಆಲಿವ್ ಎಣ್ಣೆಗೆ ಇದಕ್ಕಿಂತ ಸರಿಸಾಟಿಯಾದುದು ಇಲ್ಲವೆಂದು ಬೆರಗಾದನು. ಮನೆಯಲ್ಲಿಯೇ ಎಣ್ಣೆ ತೆಗೆಯಲು ವರ್ಷಗಟ್ಟಲೆ ಹೆಣಗಿದನು. ಕನ್ನಡದ ‘ಬೆಣ್ಣೆ’ಗೂ ಈ ಶಬ್ದಕ್ಕೂ ನಂಟಿಲ್ಲ, ಅದು ಪಶ್ಚಿಮ ಆಫ್ರಿಕದ ಭಾಷೆಗಳ ಮಾತು. ಆದರೆ ವಸ್ತು ನಮಗೆ ಪರಿಚಿತವೇ, ಎಳ್ಳು! ಅದರ ತವರು ಭಾರತ ಉಪಖಂಡವೆಂದು ಸಸ್ಯವಿಜ್ಞಾನಿಗಳು ಇಂದು ಹೇಳುತ್ತಾರೆ. ಹರಪ್ಪಾದ ಅಗೆತದಲ್ಲಿ ಸುಟ್ಟ ಎಳ್ಳು ಸಿಕ್ಕಿದೆ. ನಾವು ಜನವರಿಯ ಸಂಕ್ರಾಂತಿಗೆ ಹಂಚುವ ಕಾಳು ಎಂದೋ ಆಫ್ರಿಕವನ್ನು ಸೇರಿ, ಅಲ್ಲಿಂದ ಬೇಡಿ ಬಿದ್ದವರ ಜೊತೆಯಲ್ಲಿ ಅಟ್ಲಾಂಟಿಕ್ ದಾಟಿ, ಸ್ವಾತಂತ್ರ್ಯ ಘೋಷಣೆ ಬರೆದವನ ಊಟದ ಮೇಜಿಗೆ ಬಂದಿತ್ತು.

ಜೆಫರ್‌ಸನ್ನನ ತೋಟದ ಕೈಯಾಗಿದ್ದವನು ವರ್ಮ್ಲಿ ಹ್ಯೂಸ್. (ಒಡೆಯನಿಗೂ ಆಳಿಗೂ ಇಲ್ಲಿ ಒಂದೇ ಏಕವಚನವನ್ನು ಬಳಸುತ್ತಿದ್ದೇನೆ, ಓದುಗರು ಮನ್ನಿಸಬೇಕು.) ಈತ ಹುಟ್ಟಿದ್ದು 1781ರಲ್ಲಿ, ಗುಲಾಮನಾಗಿಯೇ. ಹುಡುಗನಾಗಿದ್ದಾಗ ಮೊಳೆ ತಯಾರಿಸುವ ಕುಲುಮೆಯಲ್ಲಿ ದುಡಿದನು, ರಾಬರ್ಟ್ ಬೇಲಿ ಎಂಬ ಸ್ಕಾಟ್ಲೆಂಡಿನ ತೋಟಗಾರನಿಂದ ತೋಟದ ಕೆಲಸ ಕಲಿತನು. ವಾಷಿಂಗ್ಟನ್ನಿನಿಂದ ಬರುತ್ತಿದ್ದ ಅಪ್ಪಣೆಗಳನ್ನು ಮಣ್ಣಿಗಿಳಿಸಿದವರಲ್ಲಿ, ಪಾತಿಗಳನ್ನು ಅಗೆದು ಬೀಜ ಬಿತ್ತಿದವರಲ್ಲಿ ಈತನೇ ಮುಖ್ಯ. 1826ರ ಜುಲೈ 4ರಂದು, ಘೋಷಣೆಯ ಐವತ್ತನೆಯ ವರ್ಷದ ದಿನವೇ, ಜೆಫರ್‌ಸನ್ ತೀರಿಕೊಂಡಾಗ ಆತನ ಗುಂಡಿಯನ್ನು ತೋಡಿದವನೂ ವರ್ಮ್ಲಿಯೇ.

ಸತ್ತವನು ಬಿಟ್ಟುಹೋದದ್ದು ಒಂದು ಲಕ್ಷ ಡಾಲರಿಗೂ ಮೀರಿದ ಸಾಲ. ಉಯಿಲಿನಲ್ಲಿ ಐವರಿಗೆ ಮಾತ್ರ ಬಿಡುಗಡೆಯಿತ್ತು, ವರ್ಮ್ಲಿ ಅವರಲ್ಲಿರಲಿಲ್ಲ. ಮಗಳು ಮಾರ್ಥಾ ಆತನನ್ನು ಕಾಗದಪತ್ರವಿಲ್ಲದೆ ಹಾಗೆಯೇ ಬಿಟ್ಟುಕೊಟ್ಟಳು. 1827ರ ಜನವರಿಯಲ್ಲಿ ಮಾಂಟಿಚೆಲ್ಲೋದಲ್ಲಿ ಹರಾಜು ನಡೆಯಿತು. ಮಾರಾಟಕ್ಕಿದ್ದ ಗುಲಾಮರು 130 ಎಂದು ಜಾಹೀರಾತು ಹೇಳಿತ್ತು, ಜೊತೆಗೆ ದನಕರು ಮತ್ತು ಮನೆಯ ಸಾಮಾನು. ವರ್ಮ್ಲಿಯ ಹೆಂಡತಿ ಉರ್ಸುಲಾಳನ್ನೂ ಮಕ್ಕಳನ್ನೂ ಆ ಹರಾಜಿನ ಕಟ್ಟೆಗೆ ತರಲಾಯಿತು. ತಾನು ಮುಕ್ತ, ಸಂಸಾರ ಸ್ವತ್ತು! ಮುಂದೆ ಜೆಫರ್‌ಸನ್ನನ ಮೊಮ್ಮಗನೊಬ್ಬನು ಅವಳನ್ನೂ ಕೆಲವು ಮಕ್ಕಳನ್ನೂ ಕೊಂಡು ತನ್ನ ಜಮೀನಿನಲ್ಲಿ ಇರಿಸಿಕೊಂಡಿದ್ದರಿಂದ ಅವರು ಮತ್ತೆ ಒಂದೆಡೆ ಸೇರುವಂತಾಯಿತು. ಎಲ್ಲರ ಪಾಡು ಹಾಗಾಗಲಿಲ್ಲ. ತೋಟದ ಪುಸ್ತಕದ ಪ್ರಕಾರ ಮುಂದಿನ ತಿಂಗಳು ಬಟಾಣಿ ಬಿತ್ತುವ ತಿಂಗಳು.

ಬೆಟ್ಟವನ್ನು 1831ರಲ್ಲಿ ಕೊಂಡವನು ಜೇಮ್ಸ್ ಬಾರ್ಕ್ಲೇ. ಆತನಿಗೆ ತರಕಾರಿಯಲ್ಲಿ ಆಸಕ್ತಿಯಿರಲಿಲ್ಲ. ಹಿಪ್ಪುನೇರಳೆ ನೆಟ್ಟು ರೇಷ್ಮೆ ಹುಳು ಸಾಕಲು ಹೊರಟನು. (ರಾಮನಗರದವರು ಈ ವಾಕ್ಯವನ್ನು ಎರಡು ಸಲ ಓದಿಯಾರು.) ಆ ಉದ್ಯಮ ಹಿಡಿಯಲಿಲ್ಲ. ಗೋಡೆ ಕುಸಿಯಿತು, ಚೌಕಗಳು ಹುಲ್ಲಿನಡಿ ಮುಚ್ಚಿಹೋದವು.

ಪುರಾತತ್ವ ತಜ್ಞರು 1979ರಲ್ಲಿ ಅಲ್ಲಿ ಅಗೆಯತೊಡಗಿದರು. ಜೆಫರ್‌ಸನ್ನನ ಟಿಪ್ಪಣಿಗಳು ಕೈಯಲ್ಲಿದ್ದುದರಿಂದ ಎಲ್ಲಿ ಅಗೆಯಬೇಕೆಂಬುದು ತಿಳಿದಿತ್ತು. ಗೋಡೆಯ ಬುಡವೂ ಬೇಲಿಯ ಕಂಬಗಳ ಕುಳಿಗಳೂ ಸಿಕ್ಕಿದವು. ತೋಟವನ್ನು ಮತ್ತೆ ಕಟ್ಟಿದರು, ಇಂದು ಜನ ದುಡ್ಡು ಕೊಟ್ಟು ನೋಡಿ ಬರುತ್ತಾರೆ, ಅಲ್ಲಿನ ಬೀಜಗಳನ್ನೂ ಕೊಂಡೊಯ್ಯುತ್ತಾರೆ. ಗುಲಾಮರ ಕೈತೋಟಗಳನ್ನು ಹಾಗೆ ಮತ್ತೆ ಕಟ್ಟಲು ನಕ್ಷೆಯಿಲ್ಲ. ಅವರು ವಾಸಿಸಿದ್ದ ಮಲ್ಬೆರಿ ರೋ ಎಂಬ ಬೀದಿಯ ಗುಡಿಸಲುಗಳಲ್ಲಿ ನೆಲದಡಿ ತೋಡಿದ ಚಿಕ್ಕ ಗುಂಡಿಗಳು ಮಾತ್ರ ಸಿಕ್ಕಿವೆ. ಒಲೆಯ ಕಾವು ತಗಲುವಂತೆ ತೋಡಿದ ಇಂತಹ ಗುಂಡಿಗಳಲ್ಲಿಯೇ ಚಳಿಗಾಲದ ಆಲೂಗೆಡ್ಡೆ ಇರುತ್ತಿತ್ತು.